ಮುಚ್ಚಿದ ಅಂಗನವಾಡಿ, ಮುಗಿಯದ ಮನೆಗೆಲಸ

2020ರ ಮಾರ್ಚ್ 24ರ ರಾತ್ರಿ ದೇಶಕ್ಕೆಲ್ಲ ಲಾಕ್‌ಡೌನ್ ಘೋಷಣೆಯಾಗುವ ಹೊತ್ತಿಗೆ ಕರ್ನಾಟಕದ ಶಾಲೆಗಳು ಆಗಲೇ ಬಾಗಿಲು ಹಾಕಿಕೊಂಡಿದ್ದವು. ಆಮೇಲೆ ಯಾವ ಬಾಗಿಲು ಯಾವಾಗ ತೆರೆಯಿತು ಎಂಬುದನ್ನು ಒಮ್ಮೆ ಸಾಲಾಗಿ ಇಟ್ಟು ನೋಡಬೇಕು. ಮದ್ಯದಂಗಡಿಗಳು ಮೇ 4ರಂದು ತೆರೆದವು. ಮೊದಲ ದಿನವೇ ರಾಜ್ಯದಲ್ಲಿ ಸುಮಾರು 45 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತು. ದೇವಸ್ಥಾನ, ಹೋಟೆಲು, ಮಾಲುಗಳು ಜೂನ್ 8ರಿಂದ ಶುರುವಾದವು. ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಲು 2021ರ ಅಕ್ಟೋಬರ್ 25 ಬರಬೇಕಾಯಿತು. ಅಂಗನವಾಡಿಗಳು ತೆರೆದದ್ದು ಅದಕ್ಕೂ ಎರಡು ವಾರ ತಡವಾಗಿ, ನವೆಂಬರ್ 8ಕ್ಕೆ. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ರಾಜ್ಯದ ಪುಟ್ಟ ಮಕ್ಕಳೆಲ್ಲ ಬೆಳಗಿನಿಂದ ರಾತ್ರಿಯವರೆಗೆ ಮನೆಯಲ್ಲೇ ಉಳಿದರು.

ಮಕ್ಕಳನ್ನು ಸೋಂಕಿನಿಂದ ಕಾಪಾಡಬೇಕೆಂಬ ಕಾಳಜಿ ನಿಜವಾದದ್ದೇ. ಆರಂಭದ ತಿಂಗಳುಗಳಲ್ಲಿ ಆ ವೈರಾಣು ಯಾರನ್ನು ಎಷ್ಟು ಕಾಡುತ್ತದೆ ಎಂಬುದು ವೈದ್ಯರಿಗೂ ಸ್ಪಷ್ಟವಿರಲಿಲ್ಲ. ಆದರೆ ಇಷ್ಟು ಮಕ್ಕಳನ್ನು ಇಷ್ಟು ಕಾಲ ಮನೆಯಲ್ಲಿ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಸಾರ್ವಜನಿಕ ಚರ್ಚೆಯಲ್ಲಿ ಎಲ್ಲೂ ಗಟ್ಟಿಯಾಗಿ ಕೇಳಿಬರಲಿಲ್ಲ. ಅಮ್ಮ ಇದ್ದಾಳಲ್ಲ ಎಂದು ಸರ್ಕಾರವೂ ಅಂದುಕೊಂಡಿತು, ನಾವೂ ಅಂದುಕೊಂಡೆವು.

ಸಾಂಕ್ರಾಮಿಕ ರೋಗವೊಂದು ಮನೆಯೊಳಗಿನ ಗಂಡು–ಹೆಣ್ಣಿನ ಪಾತ್ರಗಳನ್ನು ಹೇಗೆ ಬದಲಿಸುತ್ತದೆ ಎಂದು ಕೇಳುವಾಗ ನಾವು ಸಾಮಾನ್ಯವಾಗಿ ಗಂಡಂದಿರ ಮನಸ್ಸನ್ನು ನೋಡಲು ಹೊರಡುತ್ತೇವೆ. ಅವರು ಪಾತ್ರೆ ತೊಳೆದರೇ, ಅಡುಗೆ ಕಲಿತರೇ ಎಂದು ವಿಚಾರಿಸುತ್ತೇವೆ. ಅದೂ ಮುಖ್ಯವೇ, ಅಲ್ಲಿಗೂ ಬರುತ್ತೇನೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಕಳೆದ ಐವತ್ತು ವರ್ಷಗಳಲ್ಲಿ ಹೆಣ್ಣಿನ ಕೈಯಿಂದ ಒಂದಿಷ್ಟು ಕೆಲಸವನ್ನು ಸಮಾಜ ಸದ್ದಿಲ್ಲದೆ ಹೊರಗೆ ತಂದಿತ್ತು. ಅಂಗನವಾಡಿ ಮಗುವನ್ನು ಕೆಲವು ಗಂಟೆ ನೋಡಿಕೊಂಡಿತು. ಶಾಲೆ ಪಾಠ ಕಲಿಸಿತು. ಆಸ್ಪತ್ರೆ ಹೆರಿಗೆ ಮಾಡಿಸಿತು. ಹೊರಗೆ ಬಂದದ್ದೂ ಹೆಚ್ಚಾಗಿ ಹೆಂಗಸರ ಕೈಗೇ ಬಂತು ಎನ್ನುವುದು ಬೇರೆ ಮಾತು. ಆದರೂ ಅದಕ್ಕೊಂದು ಜಾಗ, ಒಂದು ಹೊತ್ತು, ಅಲ್ಪವಾದರೂ ಒಂದು ಸಂಬಳ ಇತ್ತು. ಪಿಡುಗು ಬಂದಾಗ ಇವುಗಳಲ್ಲಿ ಹೆಚ್ಚಿನವು ಮನೆಗೆ ವಾಪಸಾದವು, ಮನೆಯೊಳಗೆ ಒಬ್ಬರ ಹೆಗಲಿಗೆ ಬಂದವು.

ಬಿಸಿಯೂಟವನ್ನೇ ತೆಗೆದುಕೊಳ್ಳಿ. 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. ಅದನ್ನು ನಾವು ಮಕ್ಕಳ ಪೌಷ್ಟಿಕತೆಯ ಯೋಜನೆ, ಹಾಜರಾತಿಯ ಯೋಜನೆ ಎಂದು ಓದಿದ್ದೇವೆ. ಬೆಳಿಗ್ಗೆ ಏಳಕ್ಕೇ ಕೂಲಿಗೆ ಹೊರಡುವ ತಾಯಿಯ ಕಣ್ಣಿನಿಂದ ನೋಡಿದರೆ, ಮಧ್ಯಾಹ್ನದ ಒಂದು ಹೊತ್ತಿನ ಅಡುಗೆಯನ್ನು ಅವಳ ಒಲೆಯಿಂದ ಇಳಿಸಿದ ಯೋಜನೆಯೂ ಹೌದು. ಶಾಲೆ ಮುಚ್ಚಿದ ಮೇಲೆ ಬಿಸಿ ಅನ್ನದ ಬದಲು ಅಕ್ಕಿ, ಬೇಳೆ ಮನೆಗೆ ಬಂತು. ಸರ್ಕಾರದ ಲೆಕ್ಕದಲ್ಲಿ ಮಗುವಿನ ಪಾಲು ಮಗುವಿಗೆ ಮುಟ್ಟಿತು. ಅದನ್ನು ಆರಿಸಿ, ತೊಳೆದು, ಬೇಯಿಸಿ, ಬಡಿಸಿ, ಪಾತ್ರೆ ತಿಕ್ಕುವ ದುಡಿಮೆ ಆ ಲೆಕ್ಕದ ಯಾವ ಕಾಲಮ್ಮಿನಲ್ಲೂ ಇರಲಿಲ್ಲ. ಇನ್ನೊಂದೆಡೆ, ಶಾಲೆಯಲ್ಲಿ ಆ ಅಡುಗೆ ಮಾಡುತ್ತಿದ್ದವರೂ ಹೆಂಗಸರೇ. ಮೂರು ಸಾವಿರ ರೂಪಾಯಿಯನ್ನೂ ಮುಟ್ಟದ ತಿಂಗಳ ಗೌರವಧನಕ್ಕೆ ದುಡಿಯುತ್ತಿದ್ದ ಅವರಿಗೆ, ಶಾಲೆಯೇ ಇಲ್ಲದ ಮೇಲೆ ಆ ಹಣ ಕೈಗೆ ಬರುವುದೂ ಅನುಮಾನವಾಯಿತು.

ಕೊರೊನಾ ಬರುವ ಮುನ್ನ ಮನೆಗೆಲಸದ ಹಂಚಿಕೆ ಹೇಗಿತ್ತು ಎಂಬುದಕ್ಕೆ ನಮ್ಮ ಬಳಿ ಒಳ್ಳೆಯ ದಾಖಲೆ ಇದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರ ಜನವರಿಯಿಂದ ಡಿಸೆಂಬರ್‌ವರೆಗೆ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತ್ತು. ಆರು ವರ್ಷ ಮೇಲ್ಪಟ್ಟ ಹೆಣ್ಣುಮಕ್ಕಳಲ್ಲಿ ಶೇ 81ರಷ್ಟು ಮಂದಿ ದಿನವೂ ಸಂಬಳವಿಲ್ಲದ ಮನೆಗೆಲಸ ಮಾಡುತ್ತಿದ್ದರು. ಗಂಡಸರಲ್ಲಿ ಶೇ 26. ಹಾಗೆ ಕೆಲಸ ಮಾಡಿದ ಹೆಂಗಸರು ಅದಕ್ಕೆ ಕೊಟ್ಟ ಹೊತ್ತು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು ಕೊಟ್ಟದ್ದು 97 ನಿಮಿಷ. ನಾಲ್ವರು ಗಂಡಸರಲ್ಲಿ ಮೂವರು ಮನೆಗೆಲಸವನ್ನು ಮುಟ್ಟುತ್ತಲೇ ಇರಲಿಲ್ಲ, ಮುಟ್ಟಿದವನೂ ಹೆಂಡತಿಯ ಮೂರನೇ ಒಂದು ಭಾಗದಷ್ಟು ಹೊತ್ತು ಮಾತ್ರ ಮಾಡುತ್ತಿದ್ದ. ಈ ಪಾಯದ ಮೇಲೆ ಲಾಕ್‌ಡೌನ್ ಬಂದು ಕೂತಿತು.

ಆಗ ಒಂದು ಅಚ್ಚರಿ ನಡೆಯಿತು. 2020ರ ಏಪ್ರಿಲ್‌ನಲ್ಲಿ ಗಂಡಸರು ಮನೆಗೆಲಸಕ್ಕೆ ಕೊಡುವ ಹೊತ್ತು ದೇಶದ ಬಹುಪಾಲು ರಾಜ್ಯಗಳಲ್ಲಿ ಏರಿತೆಂದು ಅರ್ಥಶಾಸ್ತ್ರಜ್ಞೆ ಅಶ್ವಿನಿ ದೇಶಪಾಂಡೆ ಅವರ ಅಧ್ಯಯನ ಹೇಳುತ್ತದೆ. ಅಪಾರ್ಟ್‌ಮೆಂಟುಗಳು ಮನೆಗೆಲಸದವರನ್ನು ಗೇಟಿನ ಹೊರಗೆ ನಿಲ್ಲಿಸಿದ್ದವು, ಹೋಟೆಲು ಇರಲಿಲ್ಲ, ಕಚೇರಿ ಮನೆಯೊಳಗೇ ಬಂದಿತ್ತು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಕಸಮುಸುರೆ ಎಂದರೆ ಎಷ್ಟು ಕೆಲಸ ಎಂಬುದು ಗಂಡಸರ ಮೈಗೆ ಮೊದಲ ಬಾರಿ ಗೊತ್ತಾಯಿತು. ಮಗಳ ತಲೆ ಬಾಚಿ ಜಡೆ ಹಾಕಲು ಕಲಿತ ಅಪ್ಪಂದಿರಿದ್ದರು. ಮಗುವಿನ ಮೊದಲ ಹೆಜ್ಜೆಯನ್ನು ವಿಡಿಯೊದಲ್ಲಿ ನೋಡುವ ಬದಲು ಕಣ್ಣೆದುರೇ ಕಂಡವರಿದ್ದರು. ಇದನ್ನು ನಾನು ಸಣ್ಣದೆಂದು ತಳ್ಳಿಹಾಕಲಾರೆ. ಗಂಡಸಿಗೇಕೆ ಗೌರಿ ದುಃಖ ಎಂದು ಗಾದೆ ಕಟ್ಟಿಕೊಂಡ ನಾಡಿನಲ್ಲಿ ಅಷ್ಟು ಮನೆಗಳು ಏಕಕಾಲಕ್ಕೆ ಹಾಗೆ ಬದಲಾದದ್ದು ಹಿಂದೆ ಎಂದೂ ಆಗಿರಲಾರದು. ಆದರೆ ಬೀಗ ಸಡಿಲವಾಗುತ್ತ ಹೋದಂತೆ ಆ ಏರಿಕೆ ಇಳಿಯಿತು. ಗಂಡಸರು ಕೈಹಾಕಿದ ಕೆಲಸಗಳಲ್ಲೂ ಒಂದು ಆಯ್ಕೆ ಇತ್ತು. ತರಕಾರಿ, ದಿನಸಿ ತರುವುದು, ಭಾನುವಾರ ಒಂದು ವಿಶೇಷ ಅಡುಗೆ ಮಾಡುವುದು ಅವರಿಗೆ ಒಗ್ಗಿತು. ಬಚ್ಚಲು ತೊಳೆಯುವುದು, ಹಾಸಿಗೆ ಹಿಡಿದ ಅತ್ತೆ–ಮಾವನ ಬಟ್ಟೆ ಬದಲಿಸುವುದು, ನಾಳೆಗೆ ಏನು ಅಡುಗೆ ಎಂದು ಇವತ್ತೇ ಯೋಚಿಸುವುದು ಹೆಂಗಸರ ಪಾಲಿನಲ್ಲೇ ಉಳಿಯಿತು.

ಅಪಾರ್ಟ್‌ಮೆಂಟ್ ಗೇಟಿನ ಹೊರಗೆ ನಿಂತವರ ಕಥೆ ಬೇರೆಯೇ. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದ ಪರಿಹಾರದಲ್ಲಿ ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ, ಕ್ಷೌರಿಕರಿಗೆ, ಅಗಸರಿಗೆ ತಲಾ 5,000 ರೂಪಾಯಿ ಸಿಕ್ಕಿತು. ಅದು ಸರಿಯಾದ ನೆರವೇ. ಆದರೆ ಮನೆಗೆಲಸದ ಹೆಂಗಸರು ಆ ಪಟ್ಟಿಯಲ್ಲಿ ಇರಲಿಲ್ಲ. ಅವರ ಹೆಸರು ಪಟ್ಟಿಗೆ ಸೇರಿದ್ದು 2021ರ ಮೇ ತಿಂಗಳ ಪರಿಹಾರದಲ್ಲಿ, 2,000 ರೂಪಾಯಿಗೆ. ನಾಲ್ಕು ಮನೆಯ ಪಾತ್ರೆ ತೊಳೆದು ಮಗಳನ್ನು ಪಿಯುಸಿ ಓದಿಸುತ್ತಿದ್ದವಳ ದುಡಿಮೆ ನಮಗೆ ದುಡಿಮೆಯಾಗಿ ಕಾಣಲು ಒಂದು ವರ್ಷ ಬೇಕಾಯಿತು.

ಕೆಲಸ ಕಳೆದುಕೊಳ್ಳುವುದರಲ್ಲೂ ಗಂಡು–ಹೆಣ್ಣಿನ ಅನುಭವ ಒಂದೇ ಆಗಿರಲಿಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರಲ್ಲಿ ಹೊರತಂದ ದುಡಿಮೆಯ ಸ್ಥಿತಿಗತಿ ವರದಿಯ ಅಂಕಿಗಳನ್ನು ಓದಿದಾಗ ನಾನು ದಿಗಿಲುಗೊಂಡಿದ್ದೆ. ಮೊದಲ ಲಾಕ್‌ಡೌನ್ ಮತ್ತು ಅದರ ನಂತರದ ತಿಂಗಳುಗಳಲ್ಲಿ, ದುಡಿಯುತ್ತಿದ್ದ ಗಂಡಸರಲ್ಲಿ ಶೇ 61ರಷ್ಟು ಮಂದಿ ಕೆಲಸದಲ್ಲೇ ಉಳಿದರು. ಕೆಲಸ ಹೋಗಿ 2020 ಮುಗಿಯುವವರೆಗೂ ಮರಳದವರು ಶೇ 7. ಹೆಂಗಸರಲ್ಲಿ ಕೆಲಸ ಉಳಿಸಿಕೊಂಡವರು ಶೇ 19 ಮಾತ್ರ. ಕೆಲಸ ಹೋಗಿ ಮರಳಲಾಗದವರು ಶೇ 47. ಗಂಡಸು ಸಿಕ್ಕ ಕೆಲಸ ಹಿಡಿದ. ನೌಕರಿ ಹೋದವನು ತರಕಾರಿ ಗಾಡಿ ತಳ್ಳಿದ, ಡೆಲಿವರಿಗೆ ಸೇರಿದ, ಊರಿಗೆ ಹೋಗಿ ಹೊಲಕ್ಕಿಳಿದ. ಹೆಣ್ಣಿಗೆ ಆ ಓಡಾಟ ಸುಲಭವಾಗಿರಲಿಲ್ಲ, ಮನೆಯಲ್ಲಿ ಮಕ್ಕಳಿದ್ದರು. ಮಾರುಕಟ್ಟೆ ತೆರೆದರೂ ಅಂಗನವಾಡಿ ತೆರೆಯದಿದ್ದರೆ ತಾಯಿಯೊಬ್ಬಳು ಕೆಲಸಕ್ಕೆ ಹೊರಡುವುದು ಹೇಗೆ? ಆ ಶೇ 47ರಲ್ಲಿ ಎಷ್ಟು ಮಂದಿಯನ್ನು ಮಾರುಕಟ್ಟೆ ಹಿಡಿದಿಟ್ಟಿತು, ಎಷ್ಟು ಮಂದಿಯನ್ನು ಮನೆ ಹಿಡಿದಿಟ್ಟಿತು ಎಂದು ಬೇರ್ಪಡಿಸಿ ನೋಡುವ ಕೆಲಸವನ್ನು ಸರ್ಕಾರವೇ ಮಾಡಬೇಕಿತ್ತು.

ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಇದು ಇನ್ನೂ ಕಣ್ಣಿಗೆ ಹೊಡೆದು ಕಂಡಿತು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಾರ್ಖಾನೆಗಳ ಹೊಲಿಗೆ ಯಂತ್ರದ ಮುಂದೆ ಕೂರುವವರು ಹೆಚ್ಚಾಗಿ ಹೆಂಗಸರು. ವಿದೇಶದ ಬ್ರ್ಯಾಂಡುಗಳು ಆರ್ಡರ್ ಹಿಂತೆಗೆದುಕೊಂಡಾಗ ಮೊದಲ ಏಟು ಬಿದ್ದದ್ದು ಇವರ ಮೇಲೆ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಯೊಂದು ಬಾಗಿಲು ಮುಚ್ಚಿದಾಗ ಸಾವಿರಕ್ಕೂ ಹೆಚ್ಚು ಕಾರ್ಮಿಕರು ಬೀದಿಗೆ ಬಿದ್ದರು; ಗೇಟಿನ ಮುಂದೆ ವಾರಗಟ್ಟಲೆ ಧರಣಿ ಕೂತವರಲ್ಲಿ ಹೆಂಗಸರೇ ಮುಂದಿದ್ದರು. ಆ ಸಂಬಳ ಅವರ ಮನೆಗಳಲ್ಲಿ ಬರೀ ದುಡ್ಡಾಗಿರಲಿಲ್ಲ. ಮಗಳ ಮದುವೆ ಯಾವಾಗ, ಯಾವ ಶಾಲೆ, ಸಾಲ ತೀರಿಸುವುದು ಹೇಗೆ ಎನ್ನುವಾಗ ಅವಳ ಮಾತಿಗೂ ತೂಕ ಬಂದದ್ದು ಅದರಿಂದಲೇ. ಸಂಬಳ ನಿಂತ ಮನೆಯಲ್ಲಿ ಆ ತೂಕವೂ ಇಳಿಯಿತು.

ಇನ್ನು, ಮನೆಯೊಳಗೆ ಇರಲು ಅವಕಾಶವೇ ಇಲ್ಲದ ಹೆಂಗಸರಿದ್ದರು. ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗಿ ಜ್ವರ ಬಂದವರ ಪಟ್ಟಿ ಮಾಡಿದರು, ಮುಂಬೈಯಿಂದ ಮರಳಿದವರನ್ನು ಕ್ವಾರಂಟೈನ್‌ನಲ್ಲಿಟ್ಟು ನಿಗಾ ವಹಿಸಿದರು. ಕೆಲವು ಕಡೆ ಬೈಗುಳ ತಿಂದರು. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಸಮೀಕ್ಷೆಗೆ ಹೋದವರ ಮೇಲೆ ಹಲ್ಲೆಯೂ ನಡೆಯಿತು. ಇವರಿಗೆ ಎರಡು ಪಾಳಿ. ಊರಿನ ಆರೋಗ್ಯ ನೋಡಿ ಮನೆಗೆ ಬಂದರೆ, ರೋಗ ಹೊತ್ತು ತಂದಿದ್ದಾಳೆ ಎಂಬ ಅನುಮಾನದ ನಡುವೆ ಅಡುಗೆಗೆ ನಿಲ್ಲಬೇಕಿತ್ತು. ಜುಲೈ 10ರಿಂದ ಅವರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಿದರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಜಾಗತಿಕ ಆರೋಗ್ಯ ನಾಯಕರೆಂದು ಗೌರವಿಸಿತು. ಅಷ್ಟಾದರೂ ನಮ್ಮ ಕಾನೂನಿನಲ್ಲಿ ಅವರಿನ್ನೂ ನೌಕರರಲ್ಲ, ಸ್ವಯಂಸೇವಕಿಯರು. ಆರೈಕೆ ಹೆಣ್ಣಿನ ಸ್ವಭಾವ, ಅದಕ್ಕೆ ಸಂಬಳ ಯಾಕೆ ಎಂಬ ಮನೆಯ ತರ್ಕವೇ ಇಲ್ಲಿ ಸರ್ಕಾರದ ತರ್ಕವಾಗಿದೆ.

ಹೊಡೆತದ ವಿಷಯಕ್ಕೆ ಬಂದರೆ, ಲಾಕ್‌ಡೌನ್‌ನಲ್ಲಿ ಕೌಟುಂಬಿಕ ದೌರ್ಜನ್ಯ ಹೆಚ್ಚಿತು ಎಂಬುದು ಈಗ ಎಲ್ಲರೂ ಒಪ್ಪುವ ಮಾತು. ರಾಷ್ಟ್ರೀಯ ಮಹಿಳಾ ಆಯೋಗಕ್ಕೆ 2019ರಲ್ಲಿ ಬಂದ ಇಂಥ ದೂರುಗಳು ಮೂರು ಸಾವಿರದೊಳಗಿದ್ದವು, 2020ರಲ್ಲಿ ಐದು ಸಾವಿರ ದಾಟಿದವು. ಹೊಡೆಯುವವನು ದಿನವಿಡೀ ಪಕ್ಕದಲ್ಲೇ ಇರುವಾಗ ಫೋನ್ ಮಾಡುವುದು ಕಷ್ಟವೆಂದು ಆಯೋಗ ವಾಟ್ಸ್‌ಆ್ಯಪ್ ಸಂಖ್ಯೆ ಕೊಡಬೇಕಾಯಿತು. ತವರಿಗೆ ಹೋಗಿ ನಾಲ್ಕು ದಿನ ಇದ್ದು ಬರುವ ಹಳೆಯ ದಾರಿಯೂ ಬಸ್ಸಿಲ್ಲದೆ ಮುಚ್ಚಿತ್ತು. ಆದರೆ ಎಲ್ಲವನ್ನೂ ಕೊರೊನಾದ ತಲೆಗೆ ಕಟ್ಟುವಂತಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 21ರ ಆಸುಪಾಸಿನಲ್ಲಿತ್ತು. ನಮ್ಮ ರಾಜ್ಯದಲ್ಲಿ ಐದನೇ ಸಮೀಕ್ಷೆ ನಡೆದದ್ದು 2019ರ ದ್ವಿತೀಯಾರ್ಧದಲ್ಲಿ, ಕೊರೊನಾ ಎಂಬ ಹೆಸರೇ ಕೇಳಿರದ ಕಾಲದಲ್ಲಿ. ಬೀಗ ಬಿದ್ದದ್ದು ಇಂಥ ಮನೆಗಳಿಗೆ.

ಮದ್ಯದಂಗಡಿಯ ಮಾತನ್ನು ನಾನು ಮೊದಲೇ ಎತ್ತಿದ್ದಕ್ಕೆ ಕಾರಣವಿದೆ. ರಾಯಚೂರು ಭಾಗದಿಂದ ಎದ್ದ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಂಗಸರು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದಿದ್ದರು. ಹಳ್ಳಿಯ ಅಕ್ರಮ ಮದ್ಯ ನಿಲ್ಲಿಸಿ, ನಮ್ಮ ಮನೆ ಉಳಿಸಿ ಎಂದು ಕೇಳಿದ್ದರು. ಅವರ ನಡಿಗೆಯಿಂದ ಆಗದ್ದು ಲಾಕ್‌ಡೌನ್‌ನಿಂದ ಸುಮಾರು ನಲವತ್ತು ದಿನ ಆಯಿತು. ಕುಡಿತ ಏಕಾಏಕಿ ನಿಂತು ಜೀವ ಕಳೆದುಕೊಂಡವರೂ ಇದ್ದರು. ಚಟ ಬಿಡಿಸಲು ವೈದ್ಯಕೀಯ ನೆರವು ಬೇಕೆಂಬ ಪಾಠ ಅಲ್ಲಿದೆ. ಆದರೆ ಮೊದಲು ತೆರೆಯಬೇಕಾದ ಬಾಗಿಲು ಯಾವುದು ಎಂದು ಹಳ್ಳಿಯ ಹೆಂಗಸರನ್ನು ಯಾರಾದರೂ ಕೇಳಿದ್ದರೆ ಉತ್ತರ ಮದ್ಯದಂಗಡಿ ಆಗಿರುತ್ತಿರಲಿಲ್ಲ.

ಹೆಣ್ಣುಮಕ್ಕಳ ಓದಿಗೆ ಆದ ಪೆಟ್ಟು ನಿಧಾನದ್ದು. ಆನ್‌ಲೈನ್ ತರಗತಿ ಶುರುವಾದಾಗ ಮನೆಯ ಒಂದೇ ಸ್ಮಾರ್ಟ್‌ಫೋನ್ ಅಪ್ಪನ ಜೇಬಿನಲ್ಲಿತ್ತು, ಸಂಜೆ ಅದು ಮನೆಗೆ ಬಂದರೆ ಮೊದಲು ಅಣ್ಣನ ಕೈಗೆ ಹೋಗುತ್ತಿತ್ತು. ದೇಶದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಗಂಡಸರು ಶೇ 57 ಇದ್ದರೆ ಹೆಂಗಸರು ಶೇ 33 ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಫೋನಿಲ್ಲದ ಮಕ್ಕಳಿಗಾಗಿ ರಾಜ್ಯ 2020ರ ಆಗಸ್ಟ್‌ನಲ್ಲಿ ಶುರುಮಾಡಿದ ವಿದ್ಯಾಗಮ ಒಳ್ಳೆಯ ಯೋಚನೆಯಾಗಿತ್ತು. ಮೇಷ್ಟ್ರುಗಳೇ ವಠಾರಕ್ಕೆ, ಗುಡಿಯ ಜಗುಲಿಗೆ ಬಂದು ಪಾಠ ಮಾಡಿದರು. ಶಿಕ್ಷಕರಿಗೆ ಸೋಂಕು ತಗುಲತೊಡಗಿ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಓದು ನಿಂತ ಹುಡುಗಿ ಮನೆಯಲ್ಲಿ ಸುಮ್ಮನೆ ಕೂರುವುದಿಲ್ಲ. ತಮ್ಮಂದಿರನ್ನು ನೋಡಿಕೊಳ್ಳುತ್ತಾಳೆ, ನೀರು ಹೊರುತ್ತಾಳೆ, ಅಮ್ಮ ಕೂಲಿಗೆ ಹೋದರೆ ಒಲೆ ಅವಳದ್ದಾಗುತ್ತದೆ. ಮದುವೆಗೆ ಐವತ್ತು ಜನರಿಗಿಂತ ಹೆಚ್ಚು ಸೇರುವಂತಿಲ್ಲ ಎಂಬ ನಿಯಮ ಬಂದಾಗ, ಕಡಿಮೆ ಖರ್ಚಿನಲ್ಲಿ ಮುಗಿಸಿಬಿಡೋಣ ಎಂಬ ಲೆಕ್ಕ ಬಡ ತಂದೆತಾಯಿಯ ಮನಸ್ಸಿಗೆ ಬಂತು. ಬಾಲ್ಯವಿವಾಹದ ದೂರುಗಳು ಹೆಚ್ಚಿದ್ದು ಆಗಲೇ.

ಅದೇ ಕಾಲದ ಇನ್ನೊಂದು ಚಿತ್ರವೂ ಹಲವರಿಗೆ ನೆನಪಿರಬಹುದು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನೆಟ್‌ವರ್ಕ್ ಸಿಗುವ ರಸ್ತೆಬದಿಯಲ್ಲಿ ಮಗಳು ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ. ಸುರಿಯುವ ಮಳೆಯಲ್ಲಿ ಅಪ್ಪ ಅವಳ ತಲೆಗೆ ಕೊಡೆ ಹಿಡಿದು ನಿಂತಿದ್ದಾನೆ. ಆ ಫೋಟೊ ದೇಶವೆಲ್ಲ ಸುತ್ತಿತು. ಆ ಅಪ್ಪನ ಬಗ್ಗೆ ನನಗೆ ಗೌರವವಿದೆ. ಆ ಕೊಡೆಯ ಕೆಲಸ ಮಾಡಬೇಕಿದ್ದ ಮೊಬೈಲ್ ಟವರು, ಶಾಲೆ, ಗ್ರಂಥಾಲಯ ಎಲ್ಲಿದ್ದವು ಎಂಬ ಪ್ರಶ್ನೆಯೂ ಇದೆ.

ಸಾವು ಕೂಡ ಮನೆಯ ಪಾತ್ರಗಳನ್ನು ಬದಲಿಸಿತು. 1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆಗ ನಮ್ಮಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ಮೊದಲೇ ಅರೆಹೊಟ್ಟೆಯಲ್ಲಿದ್ದವರು ರೋಗಿಗಳ ಆರೈಕೆ ಮಾಡುತ್ತ ತಾವೂ ಮಲಗಿದರು ಎಂಬುದು ಇತಿಹಾಸಕಾರರು ಕೊಡುವ ಕಾರಣ. ಸಾವಿರ ಗಂಡಸರಿಗೆ ಹೆಂಗಸರ ಸಂಖ್ಯೆ 1911ರ ಜನಗಣತಿಯಲ್ಲಿ 964 ಇದ್ದದ್ದು 1921ಕ್ಕೆ 955ಕ್ಕೆ ಇಳಿಯಿತು. ಬೇರೆ ಕಾರಣಗಳೂ ಅದರಲ್ಲಿ ಸೇರಿವೆ. ಕೊರೊನಾದಲ್ಲಿ ದಾಖಲಾದ ಸಾವುಗಳಲ್ಲಿ ಹೆಚ್ಚಿನ ಪಾಲು ಗಂಡಸರದು. ಸತ್ತವರ ಜಾಗದಲ್ಲಿ ಹೆಂಡತಿಯರು ಸಂಸಾರ ಹೊತ್ತರು. 2021ರ ಮೇ ತಿಂಗಳ ಒಂದು ರಾತ್ರಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ 24 ಜನ ಸತ್ತ ಮೇಲೆ ಎಷ್ಟೋ ಎಳೆಯ ವಯಸ್ಸಿನ ಹೆಂಗಸರು ಅರ್ಜಿ ಹಿಡಿದು ಕಚೇರಿಗಳಿಗೆ ಅಲೆದರು. ಬಿಪಿಎಲ್ ಕುಟುಂಬಗಳಿಗೆ ರಾಜ್ಯದ ಒಂದು ಲಕ್ಷ, ಕೇಂದ್ರದ ಐವತ್ತು ಸಾವಿರ, ಅನಾಥ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿ ಬಂತು. ಆದರೆ ಆ ಹೆಂಗಸರು ಕೇಳಿದ್ದು ಕೆಲಸ. ಗಂಡನ ಸಂಬಳದ ಜಾಗದಲ್ಲಿ ತಮ್ಮದೊಂದು ಸಂಬಳ ಬೇಕಿತ್ತು.

ಈಗ ಆ ದಿನಗಳಿಂದ ದೂರ ಬಂದಿದ್ದೇವೆ. 2024ರಲ್ಲಿ ಸಮಯ ಬಳಕೆಯ ಸಮೀಕ್ಷೆ ಮತ್ತೆ ನಡೆಯಿತು. ಹೆಂಗಸರ ಮನೆಗೆಲಸ ದಿನಕ್ಕೆ 289 ನಿಮಿಷಕ್ಕೆ ಇಳಿದಿದೆ. ಗಂಡಸರದು 97ರಿಂದ 88ಕ್ಕೆ ಬಂದಿದೆ. ಏಪ್ರಿಲ್ 2020ರಲ್ಲಿ ಕಲಿತ ಅಡುಗೆ, ತೊಳೆದ ಪಾತ್ರೆ ಈ ಸರಾಸರಿಯಲ್ಲಿ ಗುರುತೂ ಉಳಿಸಿಲ್ಲ. ಇಕ್ಕಟ್ಟಿನಲ್ಲಿ ಕಲಿತದ್ದನ್ನು ಉಳಿಸಿಕೊಳ್ಳಲು ಮನಸ್ಸೊಂದೇ ಸಾಲದು ಎಂದು ನಾನು ನಂಬುವುದು ಇದರಿಂದ. ಹೆಣ್ಣು ಹೊರಗೆ ದುಡಿಯುವಂತಾದಾಗ, ಮನೆಯಲ್ಲಿ ಅವಳಿಲ್ಲದ ಹೊತ್ತುಗಳು ಏರ್ಪಟ್ಟಾಗ, ಗಂಡಸು ಒಲೆಯ ಮುಂದೆ ನಿಲ್ಲಲೇಬೇಕಾಗುತ್ತದೆ.

ಆ ದಿಕ್ಕಿನಲ್ಲಿ ಒಂದು ಸಣ್ಣ ಕೆಲಸ ನಡೆದಿದೆ. 2023ರ ಬಜೆಟ್‌ನಲ್ಲಿ ರಾಜ್ಯ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಹೇಳಿತು. ನರೇಗಾ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ಅಲ್ಲಿ ನೋಡಿಕೊಳ್ಳುವುದು ಅದರ ಉದ್ದೇಶವಾಗಿತ್ತು. ಮುಂದಿನ ಪಿಡುಗಿಗೆ ಸಿದ್ಧತೆ ಎಂದಾಗ ನಾವು ಹಾಸಿಗೆ, ಆಮ್ಲಜನಕ, ಲಸಿಕೆ ಲೆಕ್ಕ ಹಾಕುತ್ತೇವೆ. ಹಾಕಲೇಬೇಕು. ಅದರ ಜೊತೆಗೆ ಈ ಕೂಸಿನ ಮನೆಗಳನ್ನೂ ಅಂಗನವಾಡಿಗಳನ್ನೂ ಹಾಲು, ಔಷಧದ ಸಾಲಿನಲ್ಲಿ ಅಗತ್ಯ ಸೇವೆಯೆಂದು ಈಗಲೇ ಬರೆದಿಡಬೇಕು. ಡೆನ್ಮಾರ್ಕ್ 2020ರ ಏಪ್ರಿಲ್ 15ರಂದು ಬೀಗ ಸಡಿಲಿಸಿದಾಗ ಮೊದಲು ತೆರೆದದ್ದು ಶಿಶುಪಾಲನಾ ಕೇಂದ್ರ ಮತ್ತು ಪ್ರಾಥಮಿಕ ಶಾಲೆಯನ್ನು. ಬ್ರಿಟನ್ ಶಾಲೆಗಳನ್ನು ಮುಚ್ಚಿದಾಗಲೂ ನರ್ಸ್‌ಗಳಂಥ ಅಗತ್ಯ ಕೆಲಸಗಾರರ ಮಕ್ಕಳಿಗೆ ಬಾಗಿಲು ತೆರೆದಿಟ್ಟಿತು. ನಮ್ಮಲ್ಲೂ ಐದಾರು ಮಕ್ಕಳ ಸಣ್ಣ ಗುಂಪುಗಳಾಗಿ, ಗಾಳಿ ಆಡುವ ಜಗುಲಿಯಲ್ಲಿ, ಆರೈಕೆ ಮಾಡುವವರಿಗೆ ಮೊದಲ ಸುತ್ತಿನಲ್ಲೇ ಲಸಿಕೆ ಕೊಟ್ಟು ಇದನ್ನು ನಡೆಸಬಹುದು. ಮೊದಲ ಸರದಿ ಆಶಾ ಕಾರ್ಯಕರ್ತೆಯರ, ನರ್ಸ್‌ಗಳ, ಪೌರಕಾರ್ಮಿಕರ ಮಕ್ಕಳದ್ದಾಗಲಿ.